ಮಾತು ಮತ್ತು ಧಾತು: ಕನ್ನಡದ ಜನಪ್ರಿಯ ಗೀತದಲ್ಲಿ ಆಗಿರುವ ಮಾರ್ಪಾಡು

1

ಕನ್ನಡನಾಡಿನ ಜನಸಾಮಾನ್ಯರ ಬಾಯಲ್ಲಿ ನಲಿಯುವ ಹಾಡು ಕಳೆದ ಐವತ್ತು ಅರುವತ್ತು ವರ್ಷಗಳಲ್ಲಿ ಬಹುವಾಗಿ ಮಾರ್ಪಟ್ಟಿದೆಯೆಂಬುದು ನಿರ್ವಿವಾದವಾದ ಸಂಗತಿ. ವಿವಾದವಿರುವುದು ಆ ಮಾರ್ಪಾಡಿನ ಸ್ವರೂಪವೇನು, ಕಾರಣವೇನು, ಅದರಲ್ಲಿ ಗುಣವೆಷ್ಟು ದೋಷವೆಷ್ಟು ಎಂಬ ವಿಷಯದಲ್ಲಿ. ವಿದ್ವತ್ಸಭೆಗಳಲ್ಲಿಯೂ ಅಧ್ಯಾಪಕರ ಗೋಷ್ಠಿಗಳಲ್ಲಿಯೂ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪವು ಒಂದೇ: ಹಿಂದೆ ಕವಿಯು ಮೊದಲು ಪದ್ಯವನ್ನು ರಚಿಸುತ್ತಿದ್ದನು, ಗಾಯಕನು ಅದಕ್ಕೆ ರಾಗವನ್ನು ಕೂಡಿಸುತ್ತಿದ್ದನು, ಈಗ ರಾಗವು ಮೊದಲು ಹುಟ್ಟಿ, ಅದರ ಅಳತೆಗೆ ಮಾತನ್ನು ಕತ್ತರಿಸಿ ಹೊಲಿಯಲಾಗುತ್ತಿದೆ, ಆದಕಾರಣ ಹಾಡು ಕೆಟ್ಟಿತು, ಎಂಬುದು. ಈ ಪೂರ್ವಪಕ್ಷವು ಕೇಳುವುದಕ್ಕೆ ಸುಲಭವಾಗಿದೆ. ಪರೀಕ್ಷೆಗೆ ಮಾತ್ರ ನಿಲ್ಲುವುದಿಲ್ಲ. ಅದು ಎಲ್ಲಿ ತಪ್ಪುತ್ತದೆಂಬುದನ್ನು ತಿಳಿದರೆ ನಿಜವಾದ ದೋಷವಿರುವ ಸ್ಥಳವೂ ಗೊತ್ತಾಗುವುದು.

ಈ ವಿಚಾರಕ್ಕೆ ಬೇಕಾದ ಪರಿಭಾಷೆಯನ್ನು 13ನೆಯ ಶತಮಾನದ ಶಾರ್ಙ್ಗದೇವನ 'ಸಂಗೀತರತ್ನಾಕರ'ವು ಒದಗಿಸಿಕೊಟ್ಟಿದೆ. ಗೀತದ ಶಬ್ದಭಾಗಕ್ಕೆ ಅಲ್ಲಿ 'ಮಾತು' ಎಂದೂ ಗೇಯಭಾಗಕ್ಕೆ 'ಧಾತು' ಎಂದೂ ಹೆಸರು. ಆ ಶಾಸ್ತ್ರೀಯ ಸಂಜ್ಞೆಗೂ ಕನ್ನಡದ 'ಮಾತು' ಎಂಬ ಪದಕ್ಕೂ ಇರುವ ಧ್ವನಿಸಾಮ್ಯವು ಕುತೂಹಲಕರವಾದರೂ ಅದರ ವ್ಯುತ್ಪತ್ತಿಯನ್ನು ಇಲ್ಲಿ ನಿರ್ಣಯಿಸಬೇಕಾಗಿಲ್ಲ. ಇವೆರಡನ್ನೂ ಸಮರ್ಥವಾಗಿ ರಚಿಸಬಲ್ಲವನೇ ಉತ್ತಮನಾದ ವಾಗ್ಗೇಯಕಾರ. ಧಾತುವಿನಲ್ಲಿ ಪ್ರೌಢನಾಗಿ ಮಾತಿನಲ್ಲಿ ಮಂದನಾದವನು ಮಧ್ಯಮ. ಮಾತು ರಮ್ಯವಾಗಿದ್ದರೂ ಧಾತುವಿನಲ್ಲಿ ಮಂದನಾದವನು ಅಧಮ. ಸಾಹಿತ್ಯವನ್ನೇ ಪ್ರಧಾನವೆಂದು ಬಗೆಯುವವರಿಗೆ ಈ ತಾರತಮ್ಯವು ಹಿತವಾಗಲಾರದು. ಆದರೂ ಶಾಸ್ತ್ರವು ಹೀಗೆ ಹೇಳಿರುವುದನ್ನು ಮರೆಮಾಡುವುದು ನ್ಯಾಯವಲ್ಲ. ಇದರ ಮುಂದೆಯೇ ಇನ್ನೊಂದು ಹೆಸರು ಬರುತ್ತದೆ. ಅನ್ಯರು ರಚಿಸಿದ ಧಾತುವಿಗೆ ಮಾತನ್ನು ಕೂಡಿಸುವವನು 'ಕುಟ್ಟಿಕಾರ'. ಎಂಟು ಶತಮಾನಗಳ ಹಿಂದೆಯೇ ಈ ಕೆಲಸಕ್ಕೆ ಒಂದು ಹೆಸರು ಇತ್ತೆಂದ ಮೇಲೆ, ರಾಗಕ್ಕೆ ತಕ್ಕಂತೆ ಮಾತನ್ನು ಬರೆಯುವುದು ಇತ್ತೀಚಿನವರು ಕಂಡುಹಿಡಿದ ಅನಾಚಾರವೆಂದು ಹೇಳುವುದು ಹೇಗೆ?

2

ಕನ್ನಡದಲ್ಲಿಯೇ ಇದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಹಳೆಯ ನಾಟಕದ ಪುಸ್ತಕಗಳನ್ನು ತೆರೆದು ನೋಡಿದರೆ ಹಾಡಿನ ತಲೆಯ ಮೇಲೆ ರಾಗತಾಳಗಳ ಜೊತೆಗೆ 'ಇಂಥ ಹಾಡಿನ ಮಟ್ಟು' ಎಂಬ ಸೂಚನೆಯು ಕಾಣುತ್ತದೆ. ಆ ಮಟ್ಟುಗಳಲ್ಲಿ ಕೆಲವು ಕೀರ್ತನೆಗಳಿಂದ ಬಂದವು, ಕೆಲವು ಜಾವಳಿಗಳಿಂದ, ಮತ್ತೆ ಹಲವು ಮರಾಠಿ ಮತ್ತು ಪಾರ್ಸಿ ರಂಗಭೂಮಿಯಿಂದ. ನಾಟಕಕವಿಯು ಅನೇಕ ವೇಳೆ ಕುಟ್ಟಿಕಾರನೇ ಆಗಿದ್ದನು. ಹಾಗಾದರೂ ಆ ಹಾಡುಗಳಲ್ಲಿ ಮಾತು ಕೇಳಿಸುತ್ತಿತ್ತು. ಅದಕ್ಕೆ ಕಾರಣಗಳು ಮೂರು. ಮೊದಲನೆಯದು, ಎರವಲಾಗಿ ಬಂದ ಮಟ್ಟು ಸಹ ಹಿಂದೆ ಒಂದು ಸಾಹಿತ್ಯವನ್ನು ಹೊತ್ತದ್ದಾದುದರಿಂದ ಅದರ ನಡೆ ಭಾಷೆಗೆ ಒಗ್ಗಿದ ನಡೆಯಾಗಿತ್ತು. ಎರಡನೆಯದು, ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಡೆಯ ಸಾಲಿನ ಪ್ರೇಕ್ಷಕನಿಗೂ ಮಾತನ್ನು ಮುಟ್ಟಿಸಬೇಕಾದ ಹೊಣೆ ನಟನದಾಗಿದ್ದಿತು. ಮೂರನೆಯದು, ಹಾಡಿನೊಡನೆ ಕಂದವೃತ್ತಗಳನ್ನೂ ಹಾಡುತ್ತಿದ್ದುದರಿಂದ ಗುರುಲಘುಗಳ ಪರಿಜ್ಞಾನವು ನಟನ ನಾಲಗೆಯಲ್ಲಿ ಸಹಜವಾಗಿ ನೆಲೆಸಿತ್ತು.

ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರಲ್ಲಿ ತೆರೆಗೆ ಬಂದಿತು. ಅದರ ನಟವರ್ಗವೂ ಸಂಗೀತವೂ ರಂಗಭೂಮಿಯಿಂದಲೇ ಬಂದವು, ನಟರೇ ಗಾಯಕರಾಗಿದ್ದರು. ಅನಂತರ ನಟನ ತುಟಿಗೂ ಗಾಯಕನ ಕಂಠಕ್ಕೂ ವಿಯೋಗವುಂಟಾಯಿತು. 1954ರ 'ಬೇಡರ ಕಣ್ಣಪ್ಪ'ದಲ್ಲಿ ನಾಯಕರಾದ ರಾಜ್‌ಕುಮಾರರು ಕಂಪನಿ ನಾಟಕಗಳಲ್ಲಿ ಹಾಡಿ ಪಳಗಿದವರೇ ಆದರೂ ಸುಮಾರು ಎರಡು ದಶಕಗಳ ಕಾಲ ಅವರ ಹೆಚ್ಚಿನ ಹಾಡುಗಳಿಗೆ ಪಿ. ಬಿ. ಶ್ರೀನಿವಾಸರ ಕಂಠವಿತ್ತು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ ಈಚೆಗೆ ರಾಜ್‌ಕುಮಾರರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು; 'ಜೀವನ ಚೈತ್ರ'ದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಅವರ ಗಾಯನದಲ್ಲಿ ಪದಪದವೂ ಬಿಡಿಯಾಗಿ ಕೇಳುವುದನ್ನು ಎಲ್ಲರೂ ಮೆಚ್ಚುತ್ತಾರೆ. ಅದು ಕೇವಲ ಕಂಠದ ಗುಣವಲ್ಲ. ಪದವನ್ನು ಆಡಿ ತೋರಿಸಬೇಕಾದ ರಂಗಶಿಕ್ಷಣದ ಗುಣವೆಂದು ತಿಳಿಯತಕ್ಕದ್ದು.

3

ಮಾತು ಮೊದಲು, ಧಾತು ಆಮೇಲೆ ಎಂಬ ಕ್ರಮವು ಯಥಾರ್ಥವಾಗಿ ನಡೆದುಬಂದದ್ದು ಚಲನಚಿತ್ರದಲ್ಲಿ ಅಲ್ಲ, ಸುಗಮಸಂಗೀತದಲ್ಲಿ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮುಂತಾದವರು ಕವಿಗಳು ಮೊದಲೇ ಬರೆದು ಅಚ್ಚುಮಾಡಿದ್ದ ಕವನಗಳಿಗೆ ಧಾಟಿಯನ್ನು ಹೊಂದಿಸಿದರು. ಈ ಕಾರ್ಯವು ಸುಲಭವಾದುದಕ್ಕೆ ಛಂದಸ್ಸಿನ ಕಾರಣವೊಂದುಂಟು. ನವೋದಯಕಾಲದ ಕವಿಗಳು ಬಹುಮಟ್ಟಿಗೆ ಆರಿಸಿಕೊಂಡದ್ದು ಮಾತ್ರಾಗಣಗಳ ಲಯವನ್ನು. ಮೂರು ಮಾತ್ರೆಯ ಗಣವು ತಿಸ್ರಗತಿಗೂ, ನಾಲ್ಕರದು ಚತುರಸ್ರಕ್ಕೂ, ಐದರದು ಖಂಡಕ್ಕೂ, ಮೂರು ನಾಲ್ಕುಗಳು ಬೆರೆತ ಭಾಮಿನಿಯ ನಡೆಯು ಮಿಶ್ರಕ್ಕೂ ತಾನಾಗಿಯೇ ಹೊಂದಿಕೊಳ್ಳುತ್ತದೆ. ಆದುದರಿಂದ ಸ್ವರಸಂಯೋಜಕನಿಗೆ ತಾಳವನ್ನು ಹುಡುಕುವ ಶ್ರಮವಿರಲಿಲ್ಲ. ಅದು ಪದ್ಯದೊಳಗೇ ಅಡಗಿತ್ತು.

ಧ್ವನಿಸುರುಳಿಯು ಬಂದ ಮೇಲೆ ಈ ಗೀತಗಳು ಮನೆಮನೆಯನ್ನೂ ಹೊಕ್ಕವು. ಕೆ. ಎಸ್. ನಿಸಾರ್ ಅಹಮದರ ಕವನಗಳಿಗೆ ಅನಂತಸ್ವಾಮಿಯವರು ಸ್ವರ ಕೂಡಿಸಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದಿತು. 1942ರಲ್ಲಿ ಪ್ರಕಟವಾಗಿದ್ದ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯು ಅಶ್ವತ್ಥರ ಸಂಯೋಜನೆಯಿಂದ, ಪುಸ್ತಕವನ್ನು ಎಂದೂ ಕೈಯಲ್ಲಿ ಹಿಡಿಯದವರ ಕಂಠದಲ್ಲಿಯೂ ನೆಲೆಸಿತು. 19ನೆಯ ಶತಮಾನದ ಶಿಶುನಾಳ ಷರೀಫರ ತತ್ತ್ವಪದಗಳು ಉತ್ತರ ಕರ್ನಾಟಕದ ಭಜನಾಮೇಳಗಳಿಂದ ಹೊರಟು ಬೆಂಗಳೂರಿನ ಸಭಾಂಗಣಗಳನ್ನು ಸೇರಿದವು. ಕಾವ್ಯವನ್ನು ಜನತೆಗೆ ಮುಟ್ಟಿಸಿದ ಈ ಉಪಕಾರವು ಸಾಮಾನ್ಯವಾದುದಲ್ಲ.

ಹೀಗಿದ್ದರೂ, ಮಾತು ಮೊದಲು ಬಂದಿತೆಂಬಷ್ಟರಿಂದಲೇ ಮಾತಿಗೆ ನ್ಯಾಯ ದೊರೆಯಿತೆಂದು ಭಾವಿಸಬಾರದು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಆ ಅಳತೆಯು ಒಂದು ಸಂಪ್ರದಾಯವಾಗಿ ನಿಂತುಬಿಟ್ಟಿತು. ಎಂಟು ನುಡಿಗಳ ಕವನವು ಮೂರು ನಾಲ್ಕು ನುಡಿಗಳ ಹಾಡಾಯಿತು. ಇದಕ್ಕಿಂತ ಸೂಕ್ಷ್ಮವಾದ ದೋಷವು ಇನ್ನೊಂದುಂಟು. ಪಲ್ಲವಿಯಿಲ್ಲದ ಕವನಕ್ಕೆ ಗಾಯಕನು ಮೊದಲ ಪಂಕ್ತಿಯನ್ನೇ ಪಲ್ಲವಿಯಾಗಿ ಮಾಡಿ, ಪ್ರತಿಯೊಂದು ನುಡಿಯ ಅಂತ್ಯದಲ್ಲಿಯೂ ಅದಕ್ಕೇ ಹಿಂದಿರುಗುತ್ತಾನೆ. ಕೀರ್ತನೆಯ ಸ್ವಭಾವವೇ ಹಿಂದಿರುಗುವುದು. ಅಲ್ಲಿ ಚರಣಗಳೆಲ್ಲವೂ ಪಲ್ಲವಿಯ ವ್ಯಾಖ್ಯಾನಗಳು. ಭಾವಗೀತೆಯಾದರೋ ಅನೇಕ ವೇಳೆ ಮುಂದೆ ಮುಂದೆ ಸಾಗುವ ರಚನೆ. ಮೊದಲ ನುಡಿಯಲ್ಲಿದ್ದ ಸಂದೇಹವು ಕಡೆಯ ನುಡಿಯಲ್ಲಿ ನಿಶ್ಚಯವಾಗಿರುತ್ತದೆ, ಅಥವಾ ಆರಂಭದ ಸಂತೋಷವು ವಿಷಾದಕ್ಕೆ ತಿರುಗಿರುತ್ತದೆ. ಅಂಥ ಕವನದ ಕೊನೆಯಲ್ಲಿ ಮೊದಲ ಪಂಕ್ತಿಯನ್ನು ಮತ್ತೆ ಹಾಡಿದರೆ, ಕವಿ ನಡೆದುಬಂದ ದಾರಿಯನ್ನೆಲ್ಲ ಅಳಿಸಿ ಅವನನ್ನು ಹೊರಟಲ್ಲಿಗೇ ತಂದು ನಿಲ್ಲಿಸಿದಂತಾಗುವುದು. ಈ ದೋಷವನ್ನು ಭಾವಗೀತೆಯ ಅಭಿಮಾನಿಗಳು ಸಾಮಾನ್ಯವಾಗಿ ಎಣಿಸುವುದೇ ಇಲ್ಲ.

ನಾಡಗೀತೆಯ ಪ್ರಸಂಗವು ಈ ವಿಷಯಕ್ಕೆ ಉಜ್ಜ್ವಲವಾದ ಉದಾಹರಣೆಯಾಗಿದೆ. ಕುವೆಂಪುರವರ ಕವನವನ್ನು ರಾಜ್ಯ ಸರ್ಕಾರವು 2004ರಲ್ಲಿ ನಾಡಗೀತೆಯೆಂದು ಅಂಗೀಕರಿಸಿತು. ಅದಕ್ಕೆ ಅನಂತಸ್ವಾಮಿಯವರ ಧಾಟಿಯೊಂದು, ಅಶ್ವತ್ಥರ ಧಾಟಿಯೊಂದು ಪ್ರಚಾರದಲ್ಲಿದ್ದುದರಿಂದ ಯಾವುದು ಯುಕ್ತವೆಂಬ ಚರ್ಚೆಯು ಬಹುಕಾಲ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಆರಿಸಿ, ಆಲಾಪವೂ ಪುನರಾವೃತ್ತಿಯೂ ಇಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಆಜ್ಞಾಪಿಸಿತು. ವಿಷಯವು ಉಚ್ಚ ನ್ಯಾಯಾಲಯದವರೆಗೂ ಹೋಗಿ, 2024ರಲ್ಲಿ ಆ ಆಜ್ಞೆಯು ಸ್ಥಿರಪಟ್ಟಿತು. ಎರಡು ಧಾಟಿಗಳಿಗೂ ಅವುಗಳದೇ ಆದ ಸೊಗಸುಂಟು. ಇಬ್ಬರು ಸಂಯೋಜಕರಲ್ಲಿ ಯಾರು ಹೆಚ್ಚೆಂಬುದು ಪ್ರಕೃತ ವಿಷಯವಲ್ಲ. ಗಮನಿಸತಕ್ಕದ್ದು ಇಷ್ಟೆ: ಆ ಕವನದ ಬಹುಭಾಗವು ಆಚಾರ್ಯರ, ಕವಿಗಳ ಮತ್ತು ನದಿಗಳ ನಾಮಮಾಲೆ. ನಾಮಮಾಲೆಯ ಸ್ವಾರಸ್ಯವಿರುವುದು ಒಂದು ಹೆಸರಿನ ಬೆನ್ನಿಗೆ ಇನ್ನೊಂದು ಹೆಸರು ತಡವಿಲ್ಲದೆ ಬಂದು, ಇವೆಲ್ಲವೂ ಒಂದೇ ನಾಡಿನವು ಎಂಬ ಭಾವವು ಕಟ್ಟುವುದರಲ್ಲಿ. ನಡುವೆ ಆಲಾಪವನ್ನು ಬೆಳೆಸಿದರೆ ಮಾಲೆಯ ದಾರವು ಸಡಿಲವಾಗುವುದು. ಕಾಲಮಿತಿಯು ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ್ದರೂ ಕವನದ ಸ್ವಭಾವಕ್ಕೂ ಅದು ಒಪ್ಪಿತವಾಗಿದೆ.

4

ಚಲನಚಿತ್ರಗೀತದ ಇತಿಹಾಸದಲ್ಲಿ 1987ನೆಯ ವರ್ಷವು ಒಂದು ಗಡಿಯೆನ್ನಬಹುದು. ಆ ವರ್ಷ ಬಂದ 'ಪ್ರೇಮಲೋಕ'ಕ್ಕೆ ಮಾತನ್ನೂ ಧಾತುವನ್ನೂ ರಚಿಸಿದವರು ಹಂಸಲೇಖ ಒಬ್ಬರೇ. ಶಾಸ್ತ್ರದ ಲಕ್ಷಣದಂತೆ ನೋಡಿದರೆ ಇದು ಕುಟ್ಟಿಕಾರನ ಕೃತಿಯಲ್ಲ, ವಾಗ್ಗೇಯಕಾರನ ಕೃತಿ. ವಿಚಿತ್ರವೆಂದರೆ, ಹಾಡು ಕೆಟ್ಟಿತೆಂಬ ದೂರು ಪ್ರಬಲವಾದದ್ದು ಆ ಕಾಲದಲ್ಲಿಯೇ. ಆದಕಾರಣ ಮಾತು ಧಾತುಗಳಲ್ಲಿ ಯಾವುದು ಮೊದಲೆಂಬ ಕ್ರಮಕ್ಕೂ ಈ ದೂರಿಗೂ ಸಂಬಂಧವಿಲ್ಲವೆಂದು ಸಿದ್ಧವಾಗುತ್ತದೆ. ಅಲ್ಲಿ ನಿಜವಾಗಿ ಬದಲಾದದ್ದು ಪದಸಂಪತ್ತು. ಹಿಂದಿನ ಚಿತ್ರಗೀತಕಾರರ ಸಮಾಸಗಳೂ ತತ್ಸಮಗಳೂ ಹಿಂಜರಿದು, ಬೀದಿಯ ಮಾತೂ ಕಾಲೇಜಿನ ಹುಡುಗ ಹುಡುಗಿಯರ ಸಲ್ಲಾಪವೂ ಹಾಡಿನೊಳಗೆ ಬಂದವು. ಸಂಭಾಷಣೆಯೇ ಗೀತವಾಯಿತು. ದ್ವಿತೀಯಾಕ್ಷರದ ಪ್ರಾಸವು ಮರೆಯಾಗಿ ಅಂತ್ಯಪ್ರಾಸವು ಸಾಲುಸಾಲಿಗೂ ಮೊಳಗಿತು.

ಇದನ್ನು ಗ್ರಾಮ್ಯವೆಂದು ತಳ್ಳಿಹಾಕುವುದು ದುಡುಕು. ಸಂಭಾಷಣೆಯನ್ನು ಹಾಡಾಗಿ ಮಾಡುವುದು ಯಕ್ಷಗಾನಕ್ಕೂ ಸಣ್ಣಾಟಕ್ಕೂ ಹೊಸದಲ್ಲ. ಆಡುಮಾತಿನಿಂದ ಕನ್ನಡವು ಎಷ್ಟು ಬಲವನ್ನು ಪಡೆದಿದೆಯೆಂಬುದು ವಚನಗಳನ್ನು ಓದಿದವರಿಗೆ ತಿಳಿಯದ ಸಂಗತಿಯಲ್ಲ. ದೋಷವಿರುವುದು ಬೇರೆ ಕಡೆ. ಪ್ರಾಸಕ್ಕಾಗಿ ಅರ್ಥವನ್ನು ಕರೆತಂದಾಗ, ಎರಡನೆಯ ಪಂಕ್ತಿಯು ಮೊದಲನೆಯದಕ್ಕೆ ಪ್ರತಿಧ್ವನಿ ಮಾತ್ರವಾಗಿ ಉಳಿಯುತ್ತದೆ. ಹಂಸಲೇಖರ ಉತ್ತಮ ರಚನೆಗಳಲ್ಲಿ ಪ್ರಾಸವು ಅನಿರೀಕ್ಷಿತವಾದ ಅರ್ಥವನ್ನು ತಂದುಕೊಡುತ್ತದೆ. ಅವರನ್ನು ಅನುಕರಿಸಿದವರಲ್ಲಿ ಹಲವರಿಗೆ ಪ್ರಾಸವು ದಕ್ಕಿತು, ಅರ್ಥವು ದಕ್ಕಲಿಲ್ಲ. ಅದೇ ಹಂಸಲೇಖರು 1995ರ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರದಲ್ಲಿ ಶಾಸ್ತ್ರೀಯ ರಾಗಗಳನ್ನು ಆಧರಿಸಿದ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದುದನ್ನು ನೋಡಿದರೆ, ಸಾಮರ್ಥ್ಯದ ಅಭಾವದಿಂದ ಹಾಡು ಬದಲಾಯಿತೆಂಬ ವಾದವೂ ನಿಲ್ಲುವುದಿಲ್ಲ.

5

2006ರ 'ಮುಂಗಾರು ಮಳೆ'ಯೊಡನೆ ಇನ್ನೊಂದು ಘಟ್ಟವು ಆರಂಭವಾಯಿತು. ಕಥೆಗಾರರೂ ಕವಿಗಳೂ ಆದ ಜಯಂತ ಕಾಯ್ಕಿಣಿಯವರು ಚಿತ್ರಗೀತಕಾರರಾಗಿ ಮನೆಮಾತಾದರು; ಕೋಮಲವಾದ ಉಪಮೆರೂಪಕಗಳು ಹಾಡಿಗೆ ಹಿಂದಿರುಗಿದವು. ಇಲ್ಲಿ ಕವಿಯೂ ಉಂಟು, ಕಾವ್ಯವೂ ಉಂಟು. ಆದರೆ ಸಿದ್ಧವಾದ ಧಾಟಿಗೆ ಮಾತನ್ನು ಹೊಂದಿಸುವ ಪದ್ಧತಿಯೇ ಈಗ ಚಿತ್ರರಂಗದ ಸಾಮಾನ್ಯ ಕ್ರಮವಾದುದರಿಂದ ಕವಿಯು ಕುಟ್ಟಿಕಾರನ ಸ್ಥಾನದಲ್ಲಿದ್ದಾನೆ. ನಾಟಕಕಾಲದ ಕುಟ್ಟಿಕಾರನಿಗೂ ಇವನಿಗೂ ಇರುವ ಅಂತರವನ್ನು ಇಲ್ಲಿ ಗುರುತಿಸಬೇಕು. ಅವನಿಗೆ ದೊರೆಯುತ್ತಿದ್ದ ಮಟ್ಟು ಯಾವುದಾದರೊಂದು ಭಾಷೆಯ ಸಾಹಿತ್ಯವನ್ನು ಹೊತ್ತು ಬಂದದ್ದು. ಇವನಿಗೆ ದೊರೆಯುವ ಧಾಟಿಯು ವಾದ್ಯದ ಮೇಲೆ ಹುಟ್ಟಿ, ಯಾವ ಭಾಷೆಯನ್ನೂ ಹೊರದೆ ಬಂದದ್ದು. ವಾದ್ಯಕ್ಕೆ ಹ್ರಸ್ವದೀರ್ಘಗಳ ಭೇದವಿಲ್ಲ, ಪದದ ಆದಿ ಅಂತ್ಯಗಳ ಅರಿವಿಲ್ಲ.

ಸ್ವರವನ್ನು ಹಿಗ್ಗಿಸುವುದೇ ದೋಷವೆಂದು ಹೇಳುವುದಾದರೆ ಬೀಸುವ ಕಲ್ಲಿನ ತ್ರಿಪದಿಯೂ ದುಷ್ಟವೆನ್ನಬೇಕಾದೀತು. ಅಂಶಗಣದ ದೇಸಿ ಛಂದಸ್ಸುಗಳಲ್ಲಿ ಅಕ್ಷರವು ಗಾನದಲ್ಲಿ ಹಿಗ್ಗುವುದು ಸಹಜಧರ್ಮ. ಆದುದರಿಂದ ದೋಷದ ಲಕ್ಷಣವನ್ನು ಹೀಗೆ ನಿರೂಪಿಸುವುದು ಯುಕ್ತ: ಹಿಗ್ಗಿದ ಅಕ್ಷರವು ಒಂದು ಪದವನ್ನು ಇನ್ನೊಂದು ಪದವಾಗಿ ಮಾಡಿದರೆ, ಅಥವಾ ವಿರಾಮವು ಪದವನ್ನು ಅರ್ಥ ಕೆಡುವಂತೆ ಕಡಿದರೆ, ಅದು ದೋಷ. 'ಕೊಡು' ಹಿಗ್ಗಿದರೆ 'ಕೋಡು', 'ಬೆಳೆ' ಹಿಗ್ಗಿದರೆ 'ಬೇಳೆ'. 'ಬರಲಾರೆ' ಎಂಬ ನಿಷೇಧವನ್ನು ಮೂರನೆಯ ಅಕ್ಷರದಲ್ಲಿ ನಿಲ್ಲಿಸಿದರೆ 'ಬರಲಾ' ಎಂಬ ಪ್ರಶ್ನೆಯಾಗಿ ಕೇಳಿಸುತ್ತದೆ. ನಾಯಿಕೆ ಒಲ್ಲೆನೆಂದದ್ದು ಬರುವೆನೇ ಎಂದು ಕೇಳಿದಂತಾಗುತ್ತದೆ. ಪ್ರತ್ಯಯಗಳು ಪ್ರಕೃತಿಗೆ ಅಂಟಿಕೊಂಡು ಬರುವ ಕನ್ನಡದಂಥ ಭಾಷೆಯಲ್ಲಿ ಯತಿಯ ಸ್ಥಾನವನ್ನು ವಾದ್ಯವು ನಿರ್ಣಯಿಸುವುದು ಅಪಾಯಕರ.

ಉಚ್ಚಾರಣೆಯ ವಿಷಯದಲ್ಲಿ ಹೊರನಾಡಿನ ಗಾಯಕರನ್ನು ದೂರುವುದು ರೂಢಿಯಾಗಿದೆ. ಈ ದೂರಿನಲ್ಲಿಯೂ ವಿವೇಕವು ಬೇಕು. ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಇವರೆಲ್ಲ ಆಂಧ್ರದಲ್ಲಿ ಜನಿಸಿದವರು. ಇವರ ಕನ್ನಡವನ್ನು ಯಾರೂ ಪರಕೀಯವೆನ್ನಲಿಲ್ಲ. ಅವರ ಪರಿಶ್ರಮದ ಜೊತೆಗೆ ಭಾಷಾಶಾಸ್ತ್ರದ ಕಾರಣವೂ ಇದಕ್ಕಿದೆ. ಎ ಒ ಎಂಬ ಹ್ರಸ್ವಗಳೂ ಳಕಾರವೂ ಕನ್ನಡದಂತೆ ತೆಲುಗಿನಲ್ಲಿಯೂ ಉಂಟು. ಶಿಷ್ಟ ಹಿಂದಿಯಲ್ಲಿ ಅರ್ಥಭೇದಕವಾದ ಹ್ರಸ್ವ ಎಕಾರ ಒಕಾರಗಳಿಲ್ಲ, ಳಕಾರವೂ ಇಲ್ಲ. ಆದಕಾರಣ ಹಿಂದಿಯಲ್ಲಿ ಪಳಗಿದ ನಾಲಗೆಗೆ 'ಬಳೆ'ಯು 'ಬಲೆ'ಯಾಗುವ, 'ಕಳೆ'ಯು 'ಕಲೆ'ಯಾಗುವ ಸಂಭವ ಹೆಚ್ಚು. 1967ರಲ್ಲಿ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಮೊಹಮ್ಮದ್ ರಫಿಯವರು, 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ಕ್ಕೆ ಲತಾ ಮಂಗೇಶ್ಕರರು ಹಾಡಿದ್ದು ಅತಿಥಿಸತ್ಕಾರದಂಥ ಅಪೂರ್ವ ಸಂದರ್ಭ. ಈ ಶತಮಾನದಲ್ಲಿ ಅದು ವಾಡಿಕೆಯಾಯಿತು. ದೋಷವು ಹುಟ್ಟಿದೂರಿನದಲ್ಲ, ಹಾಡಿಸುವಾಗ ಹ್ರಸ್ವವನ್ನೂ ಳಕಾರವನ್ನೂ ತಿದ್ದಿಕೊಡಬಲ್ಲವರು ಬಳಿಯಲ್ಲಿಲ್ಲದ್ದು. ತಿದ್ದಿಸಿಕೊಂಡವರು ಚೆನ್ನಾಗಿ ಹಾಡಿರುವುದೂ ಉಂಟು.

ವಾದ್ಯಗಳ ಅಬ್ಬರವೇ ಮಾತಿನ ಶತ್ರುವೆಂಬುದೂ ಪೂರ್ಣ ಸತ್ಯವಲ್ಲ. 2021ರ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಮಲೆಯ ಮಹದೇಶ್ವರನ ಭಕ್ತರ ಜನಪದಗೀತೆಯೊಂದು ಬಂದಿದೆ. ಸಂದರ್ಭವು ಹೊಸದು, ಹಾಡನ್ನು ಕೇಳಿಸುವ ಸಾಧನಗಳೂ ಹೊಸವು. ಆದರೆ ಪದದ ನಡೆಯನ್ನು ಹಾಡು ಮುರಿಯದೆ ಅನುಸರಿಸಿದ್ದರಿಂದ ಬೆಟ್ಟದ ಹಾದಿಯ ಪದವು ನಗರದ ಯುವಕರ ಬಾಯಿಗೂ ಬಂದಿತು.

6

ಇನ್ನು ಉಳಿದಿರುವುದು, ಎಲ್ಲಕ್ಕಿಂತ ಗುರುತರವಾದ ವ್ಯತ್ಯಾಸ. ಜಯದೇವನ ಗೀತಗಳ ಮೇಲೆ ರಾಗಗಳ ಹೆಸರುಗಳಿವೆ. ಅವನು ಹಾಡಿದ ಧಾಟಿಯು ಮಾತ್ರ ಇಂದು ಯಾರಿಗೂ ತಿಳಿಯದು. ಪುರಂದರದಾಸರ ಒಂದೇ ಪದವನ್ನು ಒಬ್ಬೊಬ್ಬ ಗಾಯಕನು ಒಂದೊಂದು ರಾಗದಲ್ಲಿ ಹಾಡುತ್ತಾನೆ. ಹಿಂದಿನ ಕಾಲದಲ್ಲಿ ಮಾತು ಉಳಿಯಿತು, ಧಾತು ಅಳಿಯಿತು. ಧ್ವನಿಮುದ್ರಣ ಬಂದ ಮೇಲೆ ಇದು ತಲೆಕೆಳಗಾಯಿತು. ಧಾತುವು ಕಿಂಚಿತ್ತೂ ಮಾಸದೆ ಉಳಿಯುತ್ತದೆ; ಮಾತನ್ನು ನೋಡಿಕೊಳ್ಳುವವರು ಇಲ್ಲ. ಒಂದು ಕಾಲದಲ್ಲಿ ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕವನ್ನು ಕಾಸಿಗೆ ಮಾರುತ್ತಿದ್ದರು. ಅನಂತರ ಧ್ವನಿಸುರುಳಿಯ ಹೊದಿಕೆಯಲ್ಲಿ ಕೆಲವು ವೇಳೆ ಸಾಹಿತ್ಯವನ್ನು ಅಚ್ಚುಮಾಡುತ್ತಿದ್ದರು. ಈಗ ಹಾಡು ಗಾಳಿಯಲ್ಲಿ ಬಂದು ಜೇಬಿನ ದೂರವಾಣಿಯೊಳಗೆ ಇಳಿಯುತ್ತದೆ. ಅದರ ಸಾಹಿತ್ಯವೆಂದು ಪ್ರಚಾರದಲ್ಲಿರುವುದು ಬಹುಮಟ್ಟಿಗೆ ಯಾರೋ ಕೇಳಿ ಬರೆದುಕೊಂಡದ್ದು. ಅದರಲ್ಲಿ ಕವಿಯ ಹೆಸರೂ ಕೆಲವೊಮ್ಮೆ ಬಿಟ್ಟುಹೋಗಿರುತ್ತದೆ. ಓಲೆಯ ಗ್ರಂಥಗಳ ಲಿಪಿಕಾರರು ಮಾಡುತ್ತಿದ್ದ ಸ್ಖಾಲಿತ್ಯಗಳೆಲ್ಲವೂ ಇಲ್ಲಿ ಕಾಣಸಿಗುತ್ತವೆ. ಪಾಠಪರಿಷ್ಕರಣ ಮಾಡುವ ಪಂಡಿತನು ಮಾತ್ರ ಕಾಣನು. ಇದರ ಮೇಲೆ ಹಾಡಿನಿಂದ ಕೆಲವೇ ಕ್ಷಣಗಳ ತುಣುಕನ್ನು ಕಿತ್ತು ಹರಡುವ ಪದ್ಧತಿಯೂ ಬಂದಿರುವುದರಿಂದ, ಗೀತವು ನುಡಿಗಳ ಸಮುದಾಯವೆಂಬ ಭಾವನೆಯೇ ಕ್ಷೀಣಿಸುತ್ತಿದೆ.

ಇದರಿಂದ ಸಾಹಿತ್ಯದ ಅಧ್ಯಾಪಕರಿಗೆ ಒದಗುವ ಕರ್ತವ್ಯವು ಸ್ಪಷ್ಟವಾಗಿದೆ. ಇಂದಿನ ವಿದ್ಯಾರ್ಥಿಗೆ ಬೇಂದ್ರೆಯವರ ಕವನವಾಗಲಿ ನರಸಿಂಹಸ್ವಾಮಿಯವರ ಕವನವಾಗಲಿ ಮೊದಲು ಬರುವುದು ಕಿವಿಯಿಂದ. ಅವನು ತರಗತಿಗೆ ಕಾಲಿಡುವಾಗಲೇ ಯಾವುದೋ ಒಂದು ಧಾಟಿಯು ಆ ಕವನದ ಭಾವವನ್ನು ಅವನಲ್ಲಿ ನೆಲೆಗೊಳಿಸಿರುತ್ತದೆ. ಆ ಧಾಟಿಯನ್ನು ಹೀಗಳೆಯುವುದರಿಂದ ಪ್ರಯೋಜನವಿಲ್ಲ. ಕವನವನ್ನು ಪೂರ್ತಿಯಾಗಿ ಓದಿಸಿ, ಹಾಡಿನಲ್ಲಿ ಬಿಟ್ಟುಹೋದ ನುಡಿಗಳಾವುವು, ಗಾಯಕನು ಮರಳಿದ ಕಡೆ ಕವಿಯೂ ಮರಳಿದ್ದಾನೆಯೇ, ತಾಳದ ಪೆಟ್ಟು ಗಣದ ಆದಿಗೆ ಬಿದ್ದಿದೆಯೇ ಎಂದು ಪ್ರಶ್ನಿಸಿದರೆ ಛಂದಸ್ಸಿನ ಪಾಠವೂ ವಿಮರ್ಶೆಯ ಪಾಠವೂ ಒಂದೇ ಗಳಿಗೆಯಲ್ಲಿ ಆಗುವುದು. ವಿದ್ವತ್ಸಂಸ್ಥೆಗಳಾದರೋ ಹಳೆಯ ನಾಟಕದ ಹಾಡುಗಳನ್ನೂ ಚಿತ್ರಗೀತಗಳನ್ನೂ ಕವಿಯ ಹೆಸರು, ವರ್ಷ, ಪಾಠಾಂತರಗಳೊಡನೆ ಶೋಧಿಸಿ ಪ್ರಕಟಿಸುವ ಕಾರ್ಯವನ್ನು ಕೈಕೊಳ್ಳತಕ್ಕದ್ದು. ಹಾಡಿನ ಪುಸ್ತಕಗಳು ಹಳೆಯ ಪೆಟ್ಟಿಗೆಗಳಲ್ಲಿ ಹುಳು ಹಿಡಿಯುತ್ತಿರುವಾಗ ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.

ಕುಟ್ಟಿಕಾರನು ಹಿಂದೆಯೂ ಇದ್ದನು, ಮುಂದೆಯೂ ಇರುವನು. ಅವನ ಕಾರ್ಯವನ್ನು ಹೀನವೆಂದು ಬಗೆಯಬೇಕಾದ ಕಾರಣವಿಲ್ಲ. ಪರರ ಧಾತುವಿನೊಳಗೆ ತನ್ನ ಭಾಷೆಯ ಹ್ರಸ್ವವನ್ನು ಹ್ರಸ್ವವಾಗಿಯೂ ದೀರ್ಘವನ್ನು ದೀರ್ಘವಾಗಿಯೂ ಉಳಿಸಿ ಅರ್ಥವನ್ನು ಮುಟ್ಟಿಸುವುದು ಸಾಮಾನ್ಯ ಸಾಹಸವಲ್ಲ. ಹಾಡು ಒಳ್ಳೆಯದೋ ಅಲ್ಲವೋ ಎಂಬುದನ್ನು ಯಾವುದು ಮೊದಲು ಹುಟ್ಟಿತೆಂಬುದರಿಂದ ನಿರ್ಣಯಿಸಲಾಗದು. ಹಾಡು ಮುಗಿದ ಮೇಲೆ ಕೇಳುಗನ ಕಿವಿಯಲ್ಲಿ ಕವಿ ಬರೆದ ಪದವೇ ಉಳಿದಿದೆಯೋ, ಅದರ ಸ್ಥಾನದಲ್ಲಿ ಬೇರೊಂದು ಪದವು ಬಂದು ಕುಳಿತಿದೆಯೋ ಎಂಬುದೇ ಪರೀಕ್ಷೆ.